ಹಲ್ಲಿಲ್ಲದವರ ಕುಟ್ಟಾಣಿ

ನಾನು ಒಂದು ಕುಟ್ಟಾಣಿ. ಹುಟ್ಟಿದ್ದೇ ಏಟು ತಿಂದು. ಮುರಿದ ಗಾಡಿಯ ಕಬ್ಬಿಣವನ್ನು ಆಚಾರಿ ಕೆಂಪಗೆ ಕಾಯಿಸಿ, ಬಡಿದು ಬಡಿದು ಬಟ್ಟಲು ಮಾಡಿದ. ಯಾಕೆ ಹೊಡೆಯುತ್ತೀ ಎಂದು ಕೇಳೋಣವೆಂದರೆ ನನಗಿನ್ನೂ ಬಾಯಿ ಆಗಿರಲಿಲ್ಲ. ಬಾಯಿ ಆದ ಮೇಲೆ ಅದರೊಳಗೇ ಕುಟ್ಟತೊಡಗಿದರು.

ಹೊಳೆಯಂಚಿನ ಮನೆಯ ಅಕ್ಕಣಿ ಮುದುಕಿ, ಕೊನೆಯ ಹಲ್ಲು ಬಿದ್ದ ವಾರವೇ ನನ್ನನ್ನು ತಂದಳು. ದಿನಕ್ಕೆ ಐದು ಸಲ ಎಲೆ, ಅಡಿಕೆ, ಉಗುರಿನ ತುದಿಯಷ್ಟು ಸುಣ್ಣ. ನಾನು ಜಗಿದು ಕೊಟ್ಟದ್ದನ್ನು ಅವಳು ಚಪ್ಪರಿಸುವಳು. ನಾನೆಂದರೆ ಅವಳ ಬಾಯಿ. ಅಷ್ಟು ವರ್ಷ ನನಗೆ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ಬಂದದ್ದು ಬಾತುಕೋಳಿಯ ಜೊತೆ. ಸೊಸೆ ಜಲಜ ಅದನ್ನು ತವರಿಂದ ಕಂಕುಳಲ್ಲಿ ಅವಚಿಕೊಂಡು ತಂದಿದ್ದಳು. ಮನೆಯ ನಾಲ್ಕು ಹೇಂಟೆಗಳ ಜೊತೆ ಅದೂ ಮೊಟ್ಟೆ ಇಡುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹೇಂಟೆಗಳ ಮೊಟ್ಟೆ ಹಿಡಿದರೆ ಬಿರಿಯತೊಡಗಿತು. ಬಾತು ಇಟ್ಟದ್ದಂತೂ ಚಿಪ್ಪೇ ಇಲ್ಲದ ಮೆತ್ತನೆಯ ಚೀಲ.

"ಎಂತ ಹೆಣೆ ಇದ್? ಮೊಟ್ಟೆಯಾ, ಮಕ್ಕಳ ಪುಗ್ಗೆಯಾ?" ಎಂದಳು ಅಕ್ಕಣಿ. "ಇಂಥಾದ್ ಮನೆಗ್ ಒಳ್ಳೇದಲ್ಲ. ಈ ಐತ್ವಾರ ಬಿಟ್ಟ್ ಬಪ್ಪು ಐತ್ವಾರ ಬಾತ್ ಕೊಯ್ದ್ ಸುಕ್ಕ ಮಾಡ್."

"ಹನ್ನೊಂದ್ ದಿನ ಇತ್ತಲ್ದಾ ಅತ್ತೆ, ಕಾಂಬ," ಎಂದಳು ಜಲಜ.

ಮೊಟ್ಟೆಯ ಚಿಪ್ಪಿಗೆ ಸುಣ್ಣ ಬೇಕು ಎಂದು ಅವಳು ಎಲ್ಲೋ ಕೇಳಿದ್ದಳು. ನಮ್ಮೂರಲ್ಲಿ ಸುಣ್ಣ ಮಾಡುವುದೇ ಹೊಳೆಯ ಚಿಪ್ಪನ್ನು ಸುಟ್ಟು. ಚಿಪ್ಪಿನಿಂದ ಬಂದದ್ದು ಚಿಪ್ಪಿಗೇ ಆಗದೇ ಹೋದೀತೇ ಎಂದು ಅತ್ತೆಯ ಡಬ್ಬಿಯಿಂದ ಸುಣ್ಣ ತೋಡಿ, ನನ್ನೊಳಗೆ ತೌಡಿನ ಜೊತೆ ಕಲಸಿ ಬಾತಿನ ಮುಂದಿಟ್ಟಳು. ಬಾತು ಒಂದು ಕೊಕ್ಕು ತಿಂದಿತು. ತಲೆ ಕೊಡವಿತು, ಕೂಗಿತು, ನೀರಿಗೆ ಓಡಿತು. ಮುದುಕಿ ದಿನಾ ತಿನ್ನುವ ಸುಣ್ಣ ಬಾತಿನ ಬಾಯಿ ಸುಡುವುದೇಕೆ? ನನಗೆ ಅರ್ಥವಾಗಲಿಲ್ಲ. ಜಲಜಳಿಗೂ ಆಗಲಿಲ್ಲ. ಬಾತನ್ನು ಎತ್ತಿಕೊಂಡು ದನದ ಆಸ್ಪತ್ರೆಗೆ ಓಡಿದಳು.

ತಿರುಗಿ ಬಂದವಳು ಡಾಕ್ಟರ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ಸುಟ್ಟದ್ದಲ್ಲ ಅಂಬ್ರ್, ಹಸಿ ಚಿಪ್ಪು. ಕುಟ್ಟಿ ಬೇರೆ ತೆಂಗಿನ ಗೆರಟೆಯಲ್ಲಿ ಇಡ್ಕ್ ಅಂಬ್ರ್. ಬೇಕಾದಷ್ಟು ಅವೇ ತಿಂತ್ವಂಬ್ರ್. ಮರಿಗಳ ತೌಡಿಗ್ ಹಾಕೂಕಾಗ ಅಂಬ್ರ್."

ಹಿತ್ತಲಲ್ಲಿ ಹೊಳೆಯ ಮಳಿ ಚಿಪ್ಪಿನ ರಾಶಿಯೇ ಇತ್ತು. ಸಾರು ಮಾಡಿ, ಮಾಂಸ ತಿಂದು ಎಸೆದದ್ದು. ತೊಳೆದು ಒಣಗಿಸಿದಳು. ಕಲ್ಲಿನ ಮೇಲೆ ಜಜ್ಜಿದರೆ ಚೂರು ಸಿಡಿದು ಕಣ್ಣಿಗೆ ಬಂತು. ಆಗ ಅತ್ತೆ ಮಲಗಿದ ಮಧ್ಯಾಹ್ನ ನನ್ನನ್ನು ಕದ್ದಳು. ಕಬ್ಬಿಣವಾದ ನನಗೇ ಆ ಚಿಪ್ಪು ಚುಚ್ಚಿತು. ಕೇಳದೆ ಕುಟ್ಟುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು. ಬಾತು ಮಾತ್ರ ಗೆರಟೆಯ ಚೂರನ್ನು ಗಬಗಬನೆ ತಿಂದಿತು.

ನಾಲ್ಕನೆಯ ದಿನ ನನ್ನ ತಳದಲ್ಲಿ ಒಂದು ಚೂರು ಉಳಿಯಿತು. ಅದು ಎಲೆಯಡಿಕೆಯ ಜೊತೆ ಅಕ್ಕಣಿಯ ಒಸಡಿಗೆ ನೆಟ್ಟಿತು. ಮುದುಕಿ ಉಗಿದಳು. ಎಲೆಯ ಕೆಂಪು ಯಾವುದು, ರಕ್ತ ಯಾವುದು, ತಿಳಿಯಲಿಲ್ಲ.

"ನನ್ನ ಬಾಯಿ ತಕಂಡ್ ಹೋಯಿ ಬಾತಿಗ್ ಕೊಟ್ಯಾ?"

ಹೇಳಿದ ಐತ್ವಾರ ಬೆಳಿಗ್ಗೆ ಅಕ್ಕಣಿ ತಾನೇ ಕತ್ತಿ ಮಸೆದು ನನ್ನ ಪಕ್ಕದಲ್ಲಿಟ್ಟಳು. ಜಲಜ ಗೂಡಿಗೆ ಕೈ ಹಾಕಿ ಬಾತಿನ ಒಂದು ಮೊಟ್ಟೆ ತಂದು ಅತ್ತೆಯ ಅಂಗೈಗೆ ಇಟ್ಟಳು. ಮುದುಕಿ ಅದನ್ನು ನನ್ನ ಅಂಚಿಗೆ ತಟ್ಟಿದಳು. ಟಕ್. ಒಡೆಯಲಿಲ್ಲ. ಇನ್ನೊಮ್ಮೆ ತಟ್ಟಿದಳು. ಟಕ್.

ಬಾತು ಅಂಗಳದಲ್ಲಿ ಬಾಯಿ ಅಗಲಿಸಿ ನಿಂತಿತ್ತು. ಅಕ್ಕಣಿ ಅದರ ಬಾಯೊಳಗೆ ತುಂಬ ಹೊತ್ತು ಇಣುಕಿದಳು.

"ಅದ್ಕೂ ಹಲ್ಲಿಲ್ಲೆ ಕಾಣ್," ಎಂದಳು. ಕತ್ತಿ ಒಳಗೆ ಹೋಯಿತು.

ಅವಳಿಗೆ ಪೇಟೆಯಿಂದ ಹಿತ್ತಾಳೆಯ ಹೊಸ ಕುಟ್ಟಾಣಿ ಬಂತು. ನಾನು ಗೂಡಿನ ಪಕ್ಕ ತುಕ್ಕು ಹಿಡಿಯುತ್ತಿದ್ದೇನೆ. ಈಗ ನನ್ನೊಳಗೆ ಚಿಪ್ಪು ಕುಟ್ಟುವವಳು ಅಕ್ಕಣಿಯೇ, ಸೊಸೆಗೆ ಬಿಡುವುದಿಲ್ಲ. ಕುಟ್ಟುವಾಗ ಅವಳ ಬಾಯಿಯಲ್ಲಿ ಏನೂ ಇರುವುದಿಲ್ಲ. ಆದರೂ ಪ್ರತಿ ಏಟಿಗೂ ಅವಳ ದವಡೆ ಆಡುತ್ತದೆ. ಎದುರಿಗೆ ಬಾತಿನ ಕೊಕ್ಕೂ ಆಡುತ್ತದೆ. ನಾನು ಯಾರ ಬಾಯಿ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ. ಸಿಟ್ಟು ಮಾತ್ರ ಎಲ್ಲಿ ಹೋಯಿತೋ, ಹುಡುಕಿದರೂ ಸಿಗುತ್ತಿಲ್ಲ.