ಹುತ್ತದ ಹಿಂದಿನ ಡಬ್ಬಿಗಳು

ಕೊಡಿಗೇನಹಳ್ಳಿ ಹೋಬಳಿಯ ಒಂದು ಹಟ್ಟಿ. ನಾಗರ ಪಂಚಮಿಯ ಬೆಳಿಗ್ಗೆ ಜುಂಜಮ್ಮ ಬಸುರಿ ಸೊಸೆ ರಾಧಾಮಣಿಯನ್ನು ಕರೆದುಕೊಂಡು ಹೊಲದ ಬದುವಿನ ಹುತ್ತಕ್ಕೆ ತನಿ ಎರೆಯಲು ಹೋದಳು. ಹಿಂದಿನ ದಿನದ ಮಳೆಗೆ ಹುತ್ತದ ಒಂದು ಮಗ್ಗುಲು ಕುಸಿದಿತ್ತು. ಒಳಗೆ ಹಾವಿನ ಮೊಟ್ಟೆಗಳು ಕಾಣುತ್ತಿದ್ದವು. ಎಲ್ಲವೂ ಸುಕ್ಕುಗಟ್ಟಿ ಗುಳಿ ಬಿದ್ದಿದ್ದವು. ಒಂದು ಒಡೆದಿತ್ತು. ಅದರೊಳಗೆ ಸುರುಳಿ ಸುತ್ತಿಕೊಂಡಿದ್ದ ಮರಿಗೆ ಕಣ್ಣೇ ಮೂಡಿರಲಿಲ್ಲ.

ಸತ್ತದ್ದನ್ನು ಇರುವೆ ಬಿಡುವುದುಂಟೇ? ಇದರ ಹತ್ತಿರ ಒಂದು ಇರುವೆಯೂ ಬಂದಿರಲಿಲ್ಲ. ಬೇಲಿಯ ಮೇಲೆ ಸದಾ ತಲೆ ಆಡಿಸುತ್ತಿದ್ದ ಓತಿಕ್ಯಾತವೂ ಇರಲಿಲ್ಲ. ರಾಧಾಮಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತುಬಿಟ್ಟಳು.

"ನಾಗಪ್ಪ ಮುನಿಸ್ಕಂಡವ್ನೆ," ಎಂದಳು ಜುಂಜಮ್ಮ. "ಅವನ ಮಕ್ಳೇ ಉಳೀಲಿಲ್ಲ. ನಮ್ ಕೂಸ್ನ ಉಳಿಸ್ತಾನಾ?"

ಆ ಮಾತು ಸೊಸೆಯ ಎದೆಗೆ ನಾಟಿತು. ಅವತ್ತು ಅವಳು ಅನ್ನ ಮುಟ್ಟಲಿಲ್ಲ. ಮಾರನೆಯ ದಿನ ಆಶಾ ಕಾರ್ಯಕರ್ತೆ ಭುವನಾ ಬಂದಾಗಲೂ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಶಾಂತಿ ಮಾಡುಸ್ಬೇಕು ಕಣಮ್ಮ. ನಿನ್ ಮಾತ್ರೇಲಿ ಇದು ಹೋಗಲ್ಲ," ಎಂದಳು ಜುಂಜಮ್ಮ.

"ಮಾಡ್ಸು ಜುಂಜಕ್ಕ, ನಾನ್ಯಾಕೆ ಬ್ಯಾಡ ಅನ್ಲಿ. ಮೊದ್ಲು ಆ ಜಾಗ ತೋರ್ಸು," ಎಂದಳು ಭುವನಾ.

ರಾಧಾಮಣಿಯ ಗಂಡ ದಾಸಣ್ಣನೂ ಜೊತೆಗೆ ಬಂದ. ಹುತ್ತದ ಹತ್ತಿರ ಭುವನಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹಿಂದಿನ ಪೊದೆ ಸರಿಸಿದರೆ, ಟೊಮ್ಯಾಟೊಗೆ ಹೊಡೆದ ಔಷಧಿಯ ಡಬ್ಬಿಗಳ ರಾಶಿ. ಕೆಲವುಗಳಿಂದ ಹಾಲಿನಂಥ ನೀರು ಇನ್ನೂ ಹುತ್ತದ ಕಡೆಗೆ ಜಿನುಗುತ್ತಿತ್ತು.

"ಯಾರಾಕಿದ್ದು ಇದ್ನ?"

ದಾಸಣ್ಣ ನೆಲ ನೋಡಿದ. "ನಾನೇ ಅಕ್ಕ. ಹುತ್ತ ಅಂದ್ರೆ ಮಕ್ಳು ಹೆದ್ರುತವೆ, ಇತ್ಲಾಗ್ ಸುಳಿಯಲ್ಲ. ಅವ್ರ ಕೈಗೆ ಸಿಗ್ಬಾರ್ದು ಅಂತ ಇಲ್ಲೇ ಹಾಕ್ತಾ ಬಂದೆ."

ಎಚ್ಚರಿಕೆಯ ಮನುಷ್ಯ, ಪಾಪ. ಆ ಎಚ್ಚರಿಕೆಯಲ್ಲೇ ವಿಷವನ್ನು ಹಾವಿನ ಮನೆಬಾಗಿಲಿಗೆ ತಂದು ಸುರಿದಿದ್ದ.

"ಔಷಧಿ ಅಲ್ವೇನವ್ವ ಅದು?" ಜುಂಜಮ್ಮ ಕೇಳಿದಳು.

"ಹೆಸ್ರಿಗೆ ಔಷಧಿ. ಇಂಥಾ ವಿಷ ಮಣ್ಣು ನೀರಿಗೆ ಇಳಿದ್ರೆ ಹಾವು, ಆಮೆ, ಹಲ್ಲಿಗಳ ಬಸಿರು ಕೆಡ್ಬೋದು. ಮೊಟ್ಟೆ ಒಡೆಯಲ್ಲ, ಮರಿ ಅರೆಬರೆ ಬೆಳೀತವೆ. ಇಲ್ಲಿ ಆಗಿರೋದು ಇದ್ರಿಂದ್ಲೇ ಅಂತ ಪರೀಕ್ಷೆ ಮಾಡ್ಸದೆ ನಾ ಹೇಳಕಾಗಲ್ಲ. ಆದ್ರೆ ಮಳೆ ಬಂದಾಗ ಈ ನೀರು ಎಲ್ಲಿಗೆ ಹೋಗ್ತದೆ ಹೇಳು?"

ಜುಂಜಮ್ಮ ಇಳಿಜಾರಿನತ್ತ ನೋಡಿದಳು. ಕೆಳಗೆ ಹೊಲದ ಬಾವಿ ಇತ್ತು. ನಲ್ಲಿ ಬಾರದ ದಿನ ಸೊಸೆ ಕುಡಿಯುತ್ತಿದ್ದುದು ಅದೇ ನೀರು.

ಅವಳು ಮಗನ ಕಡೆ ತಿರುಗಿದಳು. "ನಾಗಪ್ಪ ಮುನಿಸ್ಕಂಡಿಲ್ಲ ಕಣ್ಲಾ ದಾಸ," ಎಂದಳು. "ನಮ್ಗಿಂತ ಮೊದ್ಲು ಅವನ ಮಕ್ಳು ಕುಡುದ್ವು, ಅಷ್ಟೇಯ."

ಅಂದೇ ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿ, ನೀರನ್ನು ಪರೀಕ್ಷೆಗೆ ಕಳಿಸಿದರು. ದಾಸಣ್ಣ ಕೈಗವಸು ಹಾಕಿಕೊಂಡು ಡಬ್ಬಿಗಳನ್ನೆಲ್ಲ ಆಯ್ದ. ರಾಧಾಮಣಿಯನ್ನು ಮಧುಗಿರಿಯ ಆಸ್ಪತ್ರೆಯಲ್ಲಿ ತೋರಿಸಿದಾಗ ಡಾಕ್ಟರು ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದರು. ಅವತ್ತು ಅವಳು ಹೊಟ್ಟೆ ತುಂಬಾ ಉಂಡಳು. ಹುತ್ತಕ್ಕೆ ಮಾತ್ರ ಇನ್ನೂ ಹಾವು ಬಂದಿಲ್ಲ. ಹೊಲದಲ್ಲಿ ಇಲಿಗಳ ಕಾಟ ಶುರುವಾಗಿದೆ.

ಅಣ್ಣಂದಿರೇ, ಅಕ್ಕಂದಿರೇ, ಔಷಧಿಯ ಡಬ್ಬಿಯನ್ನು ಹುತ್ತ, ಕೆರೆ, ಬಾವಿಯ ಹತ್ತಿರ ಎಸೆಯಬೇಡಿ. ಸುಡಬೇಡಿ, ಮನೆಗೆಲಸಕ್ಕೂ ಬಳಸಬೇಡಿ. ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇ ಕ್ಯಾನಿಗೇ ಸುರಿದು, ಡಬ್ಬಿಗೆ ತೂತು ಹೊಡೆದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ ಜಾಗದಲ್ಲಿಡಿ. ಎಲ್ಲಿಗೆ ಕೊಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇವತ್ತೇ ನಿಮ್ಮ ಹೊಲದ ಹುತ್ತದ ಹಿಂದೆ ಹೋಗಿ ನೋಡಿ. ಅಲ್ಲಿಂದ ಹರಿಯುವ ನೀರು ಯಾರ ಬಿಂದಿಗೆಗೆ ಇಳಿಯುತ್ತಿದೆ ಎಂದೂ ನೋಡಿ.