ಆಸಿಸ್ಕ್ಲನ ಮೂಗು

ಫ್ರಾನ್ಸಿನ ಗಡಿಯ ನಮ್ಮ ಬನ್ಯುಲ್ಸ್ ಊರಿನಲ್ಲಿ ಸಿಹಿ ವೈನನ್ನು ಗಾಜಿನ ಜಾಡಿಗಳಿಗೆ ತುಂಬಿ ಮಾಳಿಗೆಯ ಮೇಲೆ ಬಿಸಿಲಿಗಿಡುತ್ತೇವೆ. ಬಣ್ಣ ತಿರುಗಿ ಆಕ್ರೋಟಿನ ವಾಸನೆ ಬಂದಮೇಲೆ ಹಳೆಯ ಪೀಪಾಯಿಗೆ ಸುರಿಯುವುದು. ಪಕ್ಕದ ಮನೆಯ ಆಸಿಸ್ಕ್ಲನ ಪೀಪಾಯಿ ಅವನ ಮುತ್ತಜ್ಜನದು, ಒಮ್ಮೆಯೂ ಬರಿದಾಗಿಲ್ಲ. ಅದಕ್ಕೆ ಒಂದೇ ಒಂದು ಕೆಟ್ಟ ಜಾಡಿಯ ವೈನು ಬಿದ್ದರೂ ನಾಲ್ಕು ತಲೆಮಾರಿನ ವೈನೆಲ್ಲ ಹುಳಿ. ಅದಕ್ಕೇ ಪ್ರತಿ ಜಾಡಿಯನ್ನೂ ಮನೆಯ ಯಜಮಾನ ಮೂಸಿ ಹೇಳಬೇಕು. ಅವನು ನಾಲಿಗೆಗೆ ತಾಗಿಸಿದರೆ ಅವಮಾನ. ರುಚಿ ನೋಡುವುದು ನನ್ನಂಥ ಆಸೆಬುರುಕರ ಕೆಲಸ.

ಆಸಿಸ್ಕ್ಲನ ಮೂಗೋ, ಗುಡ್ಡದಾಚೆ ಸ್ಪೇನಿನಲ್ಲಿ ಯಾರಾದರೂ ಬೆಳ್ಳುಳ್ಳಿ ಸುಲಿದರೆ ಇಲ್ಲಿ ಸೀನುತ್ತಿತ್ತು. ಆದರೆ ಚಳಿಗಾಲದ ಜ್ವರದಿಂದ ಎದ್ದಮೇಲೆ, ನನ್ನ ಒಲೆಯ ಮೇಲೆ ಮೀನು ಸೀದು ಇದ್ದಿಲಾದರೂ ಅವನು ಬೈಯಲಿಲ್ಲ. ಆಗಲೇ ನನಗೆ ಅನುಮಾನ.

ಅವನ ಮಗ ಗಾಲ್ದ್ರಿಕ್ ಜಾಡಿಗಳನ್ನು ಪೀಪಾಯಿಯಿದ್ದ ನೆಲಮಾಳಿಗೆಗೆ ಇಳಿಸಿದ. ಮೊದಲನೆಯದರಲ್ಲಿ ಒಣ ಅಂಜೂರ, ಕಾಫಿ, ಆಕ್ರೋಟಿನ ರುಚಿ. ಸತ್ತ ನನ್ನ ಗಂಡನೂ ಎದ್ದು ಕೂರಬೇಕು, ಹಾಗಿತ್ತು. ಎರಡನೆಯದರ ಬೆಂಡಿನ ಬಿರಡೆ ಸಡಿಲವಾಗಿತ್ತು. ಆಸಿಸ್ಕ್ಲ ಲೋಟಕ್ಕೆ ಮೂಗಿಟ್ಟು, "ಹ್ಞಾ, ಸುರಿ" ಎಂದ. ನಾನೊಂದು ಗುಟುಕು ಕುಡಿದೆ, ಕಡು ಹುಳಿ. ಹಲ್ಲು ಇದ್ದಿದ್ದರೆ ಅಷ್ಟೂ ಉದುರುತ್ತಿದ್ದವು.

ಗಾಲ್ದ್ರಿಕ್ ಆಗಲೇ ಜಾಡಿ ಎತ್ತಿದ್ದ. ಮಗನೆದುರು ನಿಜ ಹೇಳಿದರೆ ಮುದುಕ ಇನ್ನೆಂದೂ ನೆಲಮಾಳಿಗೆಯಲ್ಲಿ ಯಜಮಾನನಾಗಿ ನಿಲ್ಲಲಾರ.

"ಏ ನಿಲ್ಲೋ! ಆ ಜಾಡಿ ನಂದು."

"ನಿಂದ್ಯಾವಾಗಾಯ್ತೇ ಮುದುಕಿ?" ಆಸಿಸ್ಕ್ಲ ಗುಡುಗಿದ.

"ನನ್ ಗಂಡನ್ ಮಣ್ಣಿನ್ ದಿನ ಏನಂದಿದ್ದೆ? 'ಏನಾದ್ರೂ ಬೇಕಿದ್ರೆ ಕೇಳು' ಅಂದಿದ್ದೆ. ಈಗ ಕೇಳ್ತಿದೀನಿ."

"ಅದು ಬಾಯ್ಮಾತಿಗೆ ಅಂದಿದ್ದು!"

"ಥೂ ಜಿಪುಣಾ! ನೀನು ಸತ್ರೆ ಗೋರೀನೂ ಬಾಡಿಗೆಗೆ ಕೊಡ್ತೀಯ."

ಗಾಲ್ದ್ರಿಕ್ ನಕ್ಕ. "ಕೊಟ್ಬಿಡಪ್ಪ. ಇಲ್ದಿದ್ರೆ ಊರೆಲ್ಲಾ ಸಾರ್ಕೊಂಡು ಬರ್ತಾಳೆ."

ಸಂಜೆ ಆಸಿಸ್ಕ್ಲ ಮುಖ ಊದಿಸಿಕೊಂಡು ನನ್ನ ಮನೆಗೆ ಬಂದ. ಉಪ್ಪುಮೀನಿಗೆ ಈರುಳ್ಳಿ ಹೆಚ್ಚಿ, ಆ ಜಾಡಿಯದ್ದನ್ನೇ ಚಿಮುಕಿಸಿ ಮುಂದಿಟ್ಟೆ. ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿದ. ಮೂಗು ಸತ್ತಿದ್ದರೂ ಅವನ ನಾಲಿಗೆ ಇನ್ನೂ ನೆಟ್ಟಗಿತ್ತು.

"ಇದು ಆ ಜಾಡೀದಾ?"

"ಹ್ಞೂಂ. ಇಂಥ ವಿನೆಗರ್ ಪ್ಯಾರಿಸ್‌ನಲ್ಲೂ ಸಿಗಲ್ಲ ಬಿಡು."

ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಹುಡುಗಂಗೆ ಗೊತ್ತಾ?"

"ನಾನು ಬಾಯ್ಬಡುಕಿ ಹೌದು ಕಣೋ. ಆದ್ರೆ ಬಾಯಲ್ಲಿ ಮೀನಿದ್ದಾಗ ಮಾತಾಡಲ್ಲ."

ಅವನು ತಟ್ಟೆ ಬಳಿದು ತಿಂದ. "ನಾಳೆ ಇನ್ನೂ ಜಾಡಿಗಳಿದಾವೆ. ಲೋಟ ಮೊದ್ಲು ನಿಂಗೇ ಕೊಡ್ತೀನಿ. ವೈನ್ ಚೆನ್ನಾಗಿದ್ರೆ ನನ್ನ ಬೈಯಿ. ಕೆಟ್ಟಿದ್ರೆ ಹೊಗಳು."

"ಹೊಗಳಿದ್ರೆ ನಿನ್ ಮಗ ನಂಗೆ ಹುಚ್ಚು ಹಿಡೀತು ಅಂತಾನೆ."

"ಅನ್ಲಿ."

ಮಾರನೆಯ ದಿನ ಬೆಳಗಿನಿಂದ ಅವನನ್ನು ಬಾಯಿತುಂಬ ಬೈದೆ. ದೇವರ ದಯೆ, ಒಮ್ಮೆಯೂ ಹೊಗಳಬೇಕಾಗಿ ಬರಲಿಲ್ಲ.