ಅಜ್ಜನ ಪ್ರಸಾದ, ಅಮೈನೋ ಮತ್ತು ಒಂದು ಉಸಿರು

ಎಲ್ಲಿಂದ ಶುರು ಮಾಡಲಿ? ಅಮೈನೋ ಪೌಡರಿನ ಡಬ್ಬಿಯಿಂದಲೋ, ಕ್ವಾರ್ಟರ್ ಬಾಟಲಿಯಿಂದಲೋ? ಡಬ್ಬಿಯ ಮೇಲಿನ ಉಬ್ಬಿದ ತೋಳು ನೋಡಿ ನೀವು ನಗುತ್ತೀರಿ. ಬಾಟಲಿಯಿಂದ ಶುರು ಮಾಡಿದರೆ ನೀತಿಕಥೆ ಎಂದು ಎದ್ದು ಹೋಗುತ್ತೀರಿ. ಬಿಡಿ, ನಿಶಾಳಿಂದಲೇ ಶುರು ಮಾಡುತ್ತೇನೆ. (ಅವಳು ಒಪ್ಪಿಲ್ಲ. ಒಪ್ಪುವ ಪೈಕಿಯೂ ಅಲ್ಲ.)

೧

ಕಿಶೋರ ಆಂಟಾಪ್ ಹಿಲ್‌ನವನು, ಕಬಡ್ಡಿ ಆಡಿಯೇ ಕ್ಲರ್ಕ್ ನೌಕರಿ ಸಂಪಾದಿಸಿದವನು. ನಿಶಾ ಅವನ ಹೆಂಡತಿ. ಅವನ ಕುಡಿತ ಸಾಕಾಗಿ ಕಳೆದ ಮಳೆಗಾಲದಲ್ಲಿ ಮುಲುಂಡಿನ ಅಕ್ಕನ ಮನೆಗೆ ಹೋದವಳು ಇನ್ನೂ ಬಂದಿಲ್ಲ.

ಮದುವೆಯಾದ ಹೊಸದರಲ್ಲಿ ಅವರದ್ದೊಂದು ಆಟವಿತ್ತು. ಅವನು ಎದುರಾಳಿಗಳ ಅಂಕಣಕ್ಕೆ ನುಗ್ಗಿ ‘ಕಬಡ್ಡಿ, ಕಬಡ್ಡಿ’ ಎನ್ನುವಷ್ಟು ಹೊತ್ತು ಮೈದಾನದ ಅಂಚಿನಲ್ಲಿ ಅವಳೂ ಮೂಗು ಮುಚ್ಚಿ ಉಸಿರು ಹಿಡಿಯುತ್ತಿದ್ದಳು. ಯಾವತ್ತೂ ಸೋಲುವವಳು ಅವಳೇ. ಸೋತು, ಕೆಮ್ಮಿ, ನಗುತ್ತಿದ್ದಳು. ಕಿಶೋರನಿಗೆ ಆ ನಗು ಬೇಕು. ಈ ಕಥೆಯಲ್ಲಿ ಅವನಿಗೆ ಬೇಕಾದದ್ದು ಅದೊಂದೇ.

ಮೊನ್ನೆ ಅವಳೇ ಫೋನ್ ಮಾಡಿದ್ದಳು. “ಸಂಡೇ ಮ್ಯಾಚಿಗೆ ಬರ್ತೇನೆ. ಕುಡಿದಿದ್ರೆ ನೀವು ಹೇಳುವುದು ಬೇಡ, ನಂಗೆ ಗೊತ್ತಾಗ್ತದೆ.”

೨

(ಮೊದಲ ಡ್ರಾಫ್ಟಿನಲ್ಲಿ ಅವನು ಕುಡಿತ ಬಿಟ್ಟ, ಗೆದ್ದ, ಅವಳು ಮನೆಗೆ ಬಂದಳು. ಹರಿದು ಹಾಕಿದೆ. ಬರೆದ ನನಗೇ ನಂಬಿಕೆ ಬರಲಿಲ್ಲ.)

ಆದರೆ ಪಾಪ, ಬಿಟ್ಟದ್ದು ಮಾತ್ರ ನಿಜ. ದಿನಾ ಬೆಳಿಗ್ಗೆ ಓಡುತ್ತಿದ್ದ, ಸ್ನಾಯು ಗಟ್ಟಿಯಾಗಲೆಂದು ಅಮೈನೋ ಪೌಡರ್ ಕಲಕಿ ಕುಡಿಯುತ್ತಿದ್ದ. ಜೊತೆಗೆ ಊರಿನ ಕೊರಗಜ್ಜನಿಗೆ ಹರಕೆಯನ್ನೂ ಹೇಳಿಕೊಂಡಿದ್ದ. ಕಳೆದುಹೋದದ್ದನ್ನು ಕೊಡಿಸುವ ದೈವ ಅಜ್ಜ. ‘ನಿಶಾ ಮ್ಯಾಚಿಗೆ ಬರ್ತೇನೆ ಅನ್ನಲಿ’ ಎಂದು ಬೇಡಿದ್ದ, ಅವಳು ಅಂದಳು. ಇನ್ನು ಹರಕೆ ತೀರಿಸಬೇಡವೇ? ಅಜ್ಜನಿಗೆ ಚಕ್ಕುಲಿ ಆಗಬೇಕು, ಬೀಡಾ ಆಗಬೇಕು. ಮತ್ತೆ, ಹೌದು, ಮದ್ಯವೂ ಆಗಬೇಕು.

ಶನಿವಾರ ಸಂಜೆ ಅಜ್ಜನ ಫೋಟೋದ ಮುಂದೆ ಎಲ್ಲ ಇಟ್ಟು ಕೈಮುಗಿದ. ಆಮೇಲೆ ಬಾಟಲಿಗೆ ಕೈ ಹಾಕಿದ. ನಾನು ಕಥೆಯೊಳಗೆ ನುಗ್ಗಿದೆ.

“ಬೇಡ ಕಿಶೋರ.”

“ಸರ್, ಇದು ಕುಡಿಯುವುದಲ್ಲ, ಪ್ರಸಾದ. ಚೆಲ್ಲಿದ್ರೆ ಅಜ್ಜನಿಗೆ ಬೇಜಾರಾಗ್ತದೆ.”

“ತೀರ್ಥದ ಹಾಗೆ ಒಂದು ತೊಟ್ಟು ತಗೋ. ಇಡೀ ಕ್ವಾರ್ಟರ್ ಯಾಕೆ?”

“ಅರ್ಧ ಪ್ರಸಾದ ಬಿಡ್ಲಿಕ್ಕುಂಟಾ? ಟೆನ್ಶನ್ ಮತ್ ಲೋ ಸರ್. ಮೇಲಿಂದ ಎರಡು ಚಮಚ ಅಮೈನೋ ಹೊಡಿತೇನೆ. ಮಸಲ್ ಎಲ್ಲ ಸೆಟ್ ಆಗ್ತದೆ.”

(ಮದ್ಯ ಮೈಯ ನೀರು ಹೀರುತ್ತದೆ, ನಿದ್ದೆ ಕೆಡಿಸುತ್ತದೆ, ದಣಿದ ಸ್ನಾಯು ರಿಪೇರಿಯಾಗಲು ಬಿಡುವುದಿಲ್ಲ, ಅಮೈನೋ ಅದನ್ನೆಲ್ಲ ಗುಡಿಸಿ ಹಾಕುವ ಪೊರಕೆಯಲ್ಲ ಎಂದೆ. ಲೇಖಕನ ಮಾತು ಯಾರು ಕೇಳುತ್ತಾರೆ? ಗಟಗಟ ಇಳಿಸಿದ.)

೩

ಭಾನುವಾರ. ಮೈದಾನದ ಗೋಡೆಯ ಪಕ್ಕ ನಿಶಾ ನಿಂತಿದ್ದಾಳೆ.

“ನಿಮ್ಮನ್ನು ಇಲ್ಲಿಗೆ ತರುವುದೋ ಬೇಡವೋ ಅಂತ ನಾನಿನ್ನೂ ಯೋಚಿಸ್ತಿದ್ದೆ,” ಎಂದೆ.

“ನೀವು ತರುವುದೆಂತ? ಕುರ್ಲಾದಲ್ಲಿ ಗಾಡಿ ಬದಲಿಸಿ ನಾನೇ ಬಂದದ್ದು.”

ಕಿಶೋರ ಗೆರೆ ಮುಟ್ಟಿ ನಮಸ್ಕರಿಸಿ ನುಗ್ಗಿದ. ನಿಶಾ ಮೂಗು ಮುಚ್ಚಿದಳು. ಕಬಡ್ಡಿ, ಕಬಡ್ಡಿ. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಬಾಯಿ ಒಣಗಿತು, ಮೀನಖಂಡ ಹಿಡಿದುಕೊಂಡಿತು. ಕಬಡ್... ಸ್ವರ ಕಡಿಯಿತು. ಅಂಪೈರ್ ಕೈ ಎತ್ತಿ ಔಟ್ ಎಂದ. ಜನ “ಅರೆರೆ” ಎಂದರು.

ಕುಂಟುತ್ತಾ ಹೊರಬಂದ ಕಿಶೋರ ಗೋಡೆಯ ಕಡೆ ನೋಡಿದ. ನಿಶಾ ಇನ್ನೂ ಮೂಗು ಮುಚ್ಚಿಕೊಂಡೇ ಇದ್ದಳು.

೪

ಇಲ್ಲೇ ನಿಲ್ಲಿಸುತ್ತೇನೆ, ಒಂದು ನಿಮಿಷ. ಅಂತ್ಯಗಳನ್ನು ನೋಡೋಣ.

ಅ) ಅವನು ಪ್ರಸಾದದ ಕಥೆ ಹೇಳುತ್ತಾನೆ, ಅವಳಿಗೆ ನಗು ಬರುತ್ತದೆ.

ಆ) ಅವಳು ವಾಪಸ್ ವಡಾಲ ಸ್ಟೇಷನ್ನಿಗೆ ನಡೆಯುತ್ತಾಳೆ.

“ಸರ್, ‘ಅ’ ಬರೀರಿ, ಪ್ಲೀಸ್,” ಎಂದ ಕಿಶೋರ. ನನಗೂ ಅದೇ ಆಸೆ, ದೇವರಾಣೆಗೂ. ಆದರೆ ಪೆನ್ನು ನನ್ನದು, ಉಸಿರು ಅವಳದು.

ಕಿಶೋರ ಅವಳ ಮುಂದೆ ಹೋಗಿ ನಿಂತ. “ಬಿಡು ನಿಶಾ, ಸಾಕು. ನೀನೇ ಗೆದ್ದದ್ದು.”

ಅವಳು ಇಲ್ಲ ಎಂಬಂತೆ ತಲೆಯಾಡಿಸಿದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಸೋತು ನಗಲಿಕ್ಕೆಂದೇ ಮುಲುಂಡಿನಿಂದ ಬಂದವಳು ಅವಳು, ಗೆಲುವು ತೆಗೆದುಕೊಂಡು ಎಲ್ಲಿಗೆ ಹೋಗಬೇಕು?

ನನ್ನನ್ನು ಏನೂ ಕೇಳಬೇಡಿ. ಅವಳಿನ್ನೂ ಉಸಿರು ಬಿಟ್ಟಿಲ್ಲ.